ಮರದ ವಯಸ್ಸು, ಉಳಿಯ ವಯಸ್ಸು



ಇವತ್ತು ಹಳೆಯ ಕೆತ್ತನೆಯ ಮರದ ಸಾಮಾನುಗಳ ಬಗ್ಗೆ ಮಾತಾಡೋಣ. ಬೀಟೆಯ ಕುರ್ಚಿ, ತೇಗದ ಪೆಟ್ಟಿಗೆ, ಹಲಸಿನ ಮರದ ಮಂಚ, ದೇವರ ಮಂಟಪ, ಉಯ್ಯಾಲೆ ಮಣೆ, ಇಂಥವು. ಪೇಟೆಯಲ್ಲಿ ಇವಕ್ಕೆ ಈಗ ಒಳ್ಳೆಯ ಗಿರಾಕಿ. ಗಿರಾಕಿ ಇದ್ದಲ್ಲಿ ನಕಲಿಯೂ ಇರುತ್ತದೆ. ಇವುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಇದಿಷ್ಟೇ ನನ್ನ ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಅದನ್ನೇ ಹಿಡಿದುಕೊಂಡು ಹೋಗೋಣ. ಪ್ರತಿಯೊಂದು ಕುರ್ಚಿಗೂ ಎರಡು ವಯಸ್ಸು. ಮರದ ವಯಸ್ಸು ಒಂದು. ಆ ಮರಕ್ಕೆ ಉಳಿ ಬಿದ್ದು ಎಷ್ಟು ಕಾಲವಾಯಿತು ಎನ್ನುವುದು ಇನ್ನೊಂದು. ಅಂಗಡಿಯವನು ನಮಗೆ ತೋರಿಸುವುದು ಮರದ ವಯಸ್ಸು. ದುಡ್ಡು ಕೇಳುವುದು ಉಳಿಯ ವಯಸ್ಸಿಗೆ. ಮೋಸ ಇರುವುದು ಇವೆರಡರ ನಡುವಿನ ಸಂದಿಯಲ್ಲಿ.

ಯಾಕೆ ಹಾಗೆ ಹೇಳುತ್ತೇನೆ? ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಹಳೇ ಮೈಸೂರಿನ ಕಡೆ ತೊಟ್ಟಿಮನೆಗಳು ಒಂದೊಂದಾಗಿ ಬೀಳುತ್ತಿವೆ. ತಮಿಳುನಾಡಿನ ಚೆಟ್ಟಿನಾಡಿನಲ್ಲೂ ಇದೇ ಕಥೆ. ಅಲ್ಲಿಯ ಮನೆಗಳಿಗೆ ಒಂದು ಕಾಲದಲ್ಲಿ ಬರ್ಮಾದಿಂದ ತೇಗ ತರಿಸಿದ್ದರು. ಮನೆ ಕೆಡವಿದಾಗ ಕಂಬ, ಬೋದಿಗೆ, ತೊಲೆ, ಬಾಗಿಲುವಾಡ ಎಲ್ಲವೂ ಬೇರೆ ಬೇರೆಯಾಗಿ ಮಾರಾಟವಾಗುತ್ತವೆ. ಆ ತೊಲೆ ನೂರು ವರ್ಷ ಹಳೆಯದೆಂದರೆ ಸುಳ್ಳಲ್ಲ. ಆದರೆ ಅದನ್ನು ಸೀಳಿ ಹೋದ ತಿಂಗಳು ಕುರ್ಚಿ ಮಾಡಿದರೆ? ಮರಕ್ಕೆ ನೂರು ವರ್ಷ. ಕುರ್ಚಿಗೆ ಒಂದೇ ತಿಂಗಳು.

ಪ್ರಯೋಗಾಲಯದ ಇಂಗಾಲ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ. ಮರ ಯಾವ ಕಾಲದಲ್ಲಿ ಬೆಳೆಯಿತು ಎಂಬುದನ್ನು ಅದು ಅಂದಾಜಾಗಿ ಹೇಳಬಹುದು. ಕೆತ್ತಿದ್ದು ಯಾವಾಗ ಎಂದು ಹೇಳಲಾರದು.

ಹಳೆಯ ಮರದಲ್ಲಿ ಹೊಸ ಕುರ್ಚಿ ಮಾಡುವುದು ತಪ್ಪೇನಲ್ಲ. ಒಳ್ಳೆಯ ಮರ ಸೌದೆಯಾಗುವುದಕ್ಕಿಂತ ಕುರ್ಚಿಯಾಗುವುದು ಮೇಲು. ಅದನ್ನು ತಾತನ ಕಾಲದ ಕುರ್ಚಿ ಎಂದು ಮಾರುವುದು ತಪ್ಪು.

ಇದರಲ್ಲಿ ದೊಡ್ಡ ದೊಡ್ಡವರೇ ಮೋಸಹೋಗಿದ್ದಾರೆ. ಒಂದು ಪ್ರಸಂಗ ಕೇಳಿ. ಫ್ರಾನ್ಸಿನಲ್ಲಿ ವರ್ಸೇಲ್ಸ್ ಎಂಬ ಅರಮನೆ ಇದೆ. 1789ರ ಕ್ರಾಂತಿಯ ನಂತರ ಅಲ್ಲಿನ ಕುರ್ಚಿ, ಮೇಜುಗಳೆಲ್ಲ ಹರಾಜಾಗಿ ಚದುರಿಹೋದವು. ಅವುಗಳನ್ನು ಹುಡುಕಿ ಮರಳಿ ಕೊಂಡು ತರುವ ಕೆಲಸ ಬಹಳ ಕಾಲದಿಂದ ನಡೆದಿದೆ. ಹಾಗೆ ಈ ಶತಮಾನದಲ್ಲಿ ಕೊಂಡ ಕೆಲವು ಕುರ್ಚಿಗಳು 18ನೆಯ ಶತಮಾನದವು ಎಂದು ಎಲ್ಲರೂ ನಂಬಿದ್ದರು. ಅವು ನಕಲಿ ಎಂಬುದು 2016ರಲ್ಲಿ ಬಯಲಾಯಿತು.

ಮಾಡಿದವರು ಇಬ್ಬರು. ಒಬ್ಬ ಬಿಲ್ ಪಲ್ಲೋ. ಆ ಕಾಲದ ಕುರ್ಚಿಗಳ ಬಗ್ಗೆಯೇ ದೊಡ್ಡ ಪುಸ್ತಕ ಬರೆದ ವಿದ್ವಾಂಸ. ಇನ್ನೊಬ್ಬ ಬ್ರೂನೋ ದೆನೂ. ಅದೇ ಅರಮನೆಗೆ ಕೆಲಸ ಮಾಡಿಕೊಡುತ್ತಿದ್ದ ನುರಿತ ಕೆತ್ತನೆಗಾರ. ಇವರ ಉಪಾಯ ಸರಳ. ಹರಾಜಿನಲ್ಲಿ ಕಡಿಮೆ ಬೆಲೆಗೆ ಹಳೆಯ ಕುರ್ಚಿಯ ಚೌಕಟ್ಟು ಕೊಳ್ಳುವುದು. ಅದರ ಮರ ಬಳಸಿ ಹೊಸದಾಗಿ ಕೆತ್ತುವುದು. ಮೇಲೆ ಚಿನ್ನದ ಲೇಪ. ಮರ ಹಳೆಯದು, ಉಳಿ ಹೊಸದು. 2025ರಲ್ಲಿ ನ್ಯಾಯಾಲಯ ಇಬ್ಬರನ್ನೂ ಅಪರಾಧಿಗಳೆಂದು ತೀರ್ಮಾನಿಸಿತು.

ಆ ಕುರ್ಚಿಗಳ ಮೇಲೆ ಮೊದಲೇ ಅನುಮಾನ ಪಟ್ಟ ಒಬ್ಬ ವ್ಯಾಪಾರಿ ಇದ್ದ. ಹಿಂದೆ ಪಲ್ಲೋನ ಬಳಿಯೇ ಕಲಿತವನು. ಅವನು ಕುರ್ಚಿಯ ಮರವನ್ನು ನಾಲಿಗೆಯಿಂದ ನೆಕ್ಕಿ ನೋಡಿದನಂತೆ. ಜೇಷ್ಠಮಧುವಿನ ರುಚಿ ಬಂತು. ನಾವು ಕೆಮ್ಮಿಗೆ ಕಡಿಯುತ್ತೇವಲ್ಲ, ಅದೇ ಜೇಷ್ಠಮಧು. ಹೊಸದಾಗಿ ಕೆತ್ತಿದ ಕಡೆ ಹಳೆಯ ಬಣ್ಣ ಬರಲೆಂದು ದೆನೂ ಅದನ್ನು ಕರಗಿಸಿ ಬಳಿಯುತ್ತಿದ್ದ.

ನೀವು ಅಂಗಡಿಯಲ್ಲಿ ಕುರ್ಚಿ ನೆಕ್ಕುವುದು ಬೇಡ. ಕಣ್ಣು, ಬೆರಳು, ಮೂಗು ಸಾಕು. ಒಂದು ಟಾರ್ಚು, ಒಂದು ಅಡಿಪಟ್ಟಿ, ಒಂದು ಗುಂಡುಸೂಜಿ ಜೇಬಿನಲ್ಲಿರಲಿ. ನಾನು ಐದು ಪರೀಕ್ಷೆ ಹೇಳುತ್ತೇನೆ. ಅವುಗಳ ಹೆಸರು ನೆನಪಿಟ್ಟುಕೊಳ್ಳಿ. ಉಬ್ಬು, ಉಳಿ, ಬೆನ್ನು, ಕುಗ್ಗು, ಸವೆತ.

ಮೊದಲನೆಯದು ಉಬ್ಬು.

ಒಂದು ಪೆಟ್ಟಿಗೆಯ ಮುಂಭಾಗದಲ್ಲಿ ಕಮಲದ ಹೂವು ಕೆತ್ತಬೇಕು ಎಂದುಕೊಳ್ಳಿ. ಆಚಾರಿ ಮೊದಲೇ ದಪ್ಪ ಹಲಗೆ ಆರಿಸುತ್ತಾನೆ. ಹೂವಿನ ಜಾಗ ಬಿಟ್ಟು ಸುತ್ತಲಿನ ಮರವನ್ನು ಕೆಳಕ್ಕೆ ತೆಗೆಯುತ್ತಾನೆ. ಹೂವು ಮೇಲೆ ನಿಲ್ಲುತ್ತದೆ. ಅಂಗೈ ಆಡಿಸಿದರೆ ಮೊದಲು ಹೂವೇ ತಾಗುತ್ತದೆ.

ಇನ್ನೊಂದು ಪೆಟ್ಟಿಗೆ ತೆಗೆದುಕೊಳ್ಳಿ. ಅದು ನಿಜವಾಗಿಯೂ ಹಳೆಯದು. ಆದರೆ ಬೋಳು ಪೆಟ್ಟಿಗೆ. ಬೋಳು ಪೆಟ್ಟಿಗೆಗೆ ಬೆಲೆ ಕಡಿಮೆ. ಯಾರೋ ಅದಕ್ಕೆ ಈಗ ಹೂವು ಕೆತ್ತಿಸುತ್ತಾರೆ. ಮೇಲೆ ನಿಲ್ಲಿಸಲು ಹೆಚ್ಚಿನ ಮರ ಎಲ್ಲಿದೆ? ಹಲಗೆಯ ಒಳಕ್ಕೇ ಕೊರೆಯಬೇಕು. ಹೂವಿನ ನೆತ್ತಿ ಹಲಗೆಯ ಮಟ್ಟದಲ್ಲೇ ಉಳಿಯುತ್ತದೆ. ಮಿಕ್ಕಿದ್ದೆಲ್ಲ ತಗ್ಗಿಗೆ ಇಳಿಯುತ್ತದೆ. ಅಡಿಪಟ್ಟಿಯನ್ನು ಅಡ್ಡಕ್ಕೆ ಇಟ್ಟು ನೋಡಿ. ಅಂಚಿನಿಂದ ಅಂಚಿಗೆ ಅದು ಮಟ್ಟಸವಾಗಿ ಕೂತರೆ ಕೆತ್ತನೆ ಒಳಗೆ ಹುದುಗಿದೆ ಎಂದು ಅರ್ಥ. ಆಗ ಇನ್ನೊಂದು ಪ್ರಶ್ನೆ ಕೇಳಿ.

ಆ ಪ್ರಶ್ನೆ ಇದು. ಕೆತ್ತನೆಗೂ ಬೀಗದ ಕಣ್ಣಿಗೂ ಹೊಂದಾಣಿಕೆ ಇದೆಯೆ? ಮೊದಲೇ ಯೋಚಿಸಿ ಕೆತ್ತಿದವನು ಬೀಗಕ್ಕೆ, ಬಿಜಾಗರಿಗೆ, ಹಿಡಿಗೆ ಜಾಗ ಬಿಟ್ಟೇ ಬಳ್ಳಿ ಹರಿಸುತ್ತಾನೆ. ಆಮೇಲೆ ಕೆತ್ತಿದ್ದಾದರೆ ಬಳ್ಳಿ ಬಂದು ಬೀಗದ ತಗಡಿಗೆ ಡಿಕ್ಕಿ ಹೊಡೆಯುತ್ತದೆ. ಒಮ್ಮೊಮ್ಮೆ ಗಿಳಿಯ ಕೊಕ್ಕು ಬಿಜಾಗರಿಯ ಅಡಿಗೆ ಹೋಗಿ ಮಾಯವಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಓಕ್ ಮರದ ಸಾಮಾನಿಗೆ ಭಾರಿ ಮೋಹ ಹುಟ್ಟಿತು. 17ನೆಯ ಶತಮಾನದ ಬೋಳು ಪೆಟ್ಟಿಗೆಗಳಿಗೆ ಆಗ ಹೊಸದಾಗಿ ಹೂಬಳ್ಳಿ ಕೆತ್ತಿದರು. ಹಳೆಯ ಇಸವಿಯನ್ನೂ ಕೆತ್ತಿದರು. ಕೆತ್ತಿದ ಇಸವಿಯೊಂದನ್ನೇ ನಂಬಿ ಹಣ ಕೊಡಬೇಡಿ.

ಉಬ್ಬು ನೋಡಿದ್ದಾಯಿತು. ಕೆತ್ತನೆ ಸಾಮಾನಿನ ಜೊತೆಗೇ ಹುಟ್ಟಿತೋ, ಆಮೇಲೆ ಬಂತೋ ಎಂಬುದನ್ನು ಅದು ಹೇಳುತ್ತದೆ. ಇನ್ನು ಎರಡನೆಯದು, ಉಳಿ.

ಕೈಯಲ್ಲಿ ಕೆತ್ತಿದ್ದೋ, ಯಂತ್ರ ಕೊರೆದದ್ದೋ? ಈಗ ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರಗಳು ಬಂದಿವೆ. ಸಿಎನ್‌ಸಿ ರೂಟರ್ ಎನ್ನುತ್ತಾರೆ. ಬಾಗಿಲಿನ ಅಂಗಡಿಗಳಲ್ಲಿ ಈ ಹೆಸರು ಸಾಮಾನ್ಯ. ತಿರುಗುವ ಚೂಪು ಅಲಗು ಮೇಲಿನಿಂದ ಕೆಳಕ್ಕೆ ಇಳಿದು ಮರ ಕೊರೆಯುತ್ತದೆ.

ಅದರ ಗುರುತು ಮೂರು. ಮೊದಲನೆಯದು, ಎಡಗಡೆಯ ನವಿಲೂ ಬಲಗಡೆಯ ನವಿಲೂ ಕನ್ನಡಿಯಲ್ಲಿ ಕಂಡ ಹಾಗೆ ಒಂದೇ. ಕೈಯಲ್ಲಿ ಕೆತ್ತಿದ ಜೋಡಿ ನವಿಲುಗಳಲ್ಲಿ ಒಂದರ ಕುತ್ತಿಗೆ ತುಸು ದಪ್ಪ, ಒಂದರ ಗರಿ ಒಂದು ಕಡಿಮೆ ಇರುವುದುಂಟು. ಎರಡನೆಯದು, ಮೂಲೆಗಳು. ಉಳಿಯಿಂದ ಕತ್ತರಿಸಿದ ಒಳಮೂಲೆ ಚೂಪಾಗಿರುತ್ತದೆ. ತಿರುಗುವ ಅಲಗು ಚೂಪು ಮೂಲೆ ಮಾಡಲಾರದು. ಅಲ್ಲಿ ಸಣ್ಣ ದುಂಡು ಉಳಿಯುತ್ತದೆ. ಮೂರನೆಯದು, ಎಲೆಯ ಅಡಿಭಾಗ. ಕೈಕೆಲಸದವನು ಎಲೆಯ ತುದಿಯ ಕೆಳಗೆ ಓರೆಯಾಗಿ ಉಳಿ ತೂರಿಸಿ ಎಲೆಯನ್ನು ಎತ್ತಿ ನಿಲ್ಲಿಸುತ್ತಾನೆ. ಬೆರಳ ಉಗುರು ಒಳಗೆ ಹೋಗುವಷ್ಟು ಸಂದಿ ಇರುತ್ತದೆ. ಮೇಲಿನಿಂದಷ್ಟೇ ಇಳಿಯುವ ಸಾಮಾನ್ಯ ಯಂತ್ರಕ್ಕೆ ಆ ಸಂದಿ ಸಿಗುವುದಿಲ್ಲ.

ಆದರೆ ಎಚ್ಚರ. ಕೈಯಲ್ಲಿ ಕೆತ್ತಿದ್ದೆಲ್ಲ ಹಳೆಯದಲ್ಲ. ಸಾಗರ, ಸೊರಬದ ಗುಡಿಗಾರರು ಇವತ್ತಿಗೂ ಗಂಧದ ಮರದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತುತ್ತಾರೆ. ಅದು ಹೊಸ ಕೆಲಸ, ಅಸಲಿ ಕೆಲಸ. ಅದಕ್ಕೆ ಅದರದೇ ಬೆಲೆ ಕೊಡಬೇಕು. ಉಳಿಯ ಪರೀಕ್ಷೆ ಯಂತ್ರವನ್ನು ಹಿಡಿಯುತ್ತದೆ. ನುರಿತ ಕೈಯನ್ನು ಹಿಡಿಯಲು ಮೂರನೆಯ ಪರೀಕ್ಷೆ ಬೇಕು.

ಉಬ್ಬು, ಉಳಿ ಎರಡೂ ಸಾಮಾನಿನ ಮುಖದಲ್ಲಿವೆ. ಮೂರನೆಯದು ಬೆನ್ನು.

ಕೊಳ್ಳುವವರು ಮುಖ ನೋಡುತ್ತಾರೆ ಎಂದು ನಕಲಿ ಮಾಡುವವನಿಗೆ ಗೊತ್ತು. ಅವನ ಶ್ರಮವೆಲ್ಲ ಅಲ್ಲಿಗೆ ಹೋಗುತ್ತದೆ. ನೀವು ಕುರ್ಚಿಯನ್ನು ತಲೆಕೆಳಗು ಮಾಡಿ. ಬೀರುವನ್ನು ಗೋಡೆಯಿಂದ ಎಳೆಯಿರಿ. ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆ ತೆಗೆಯಿರಿ. ಅಂಗಡಿಯವನು ಬೇಡ ಎಂದರೆ ಅಲ್ಲಿಂದ ಹೊರಡಿ.

ಮೊದಲು ಗರಗಸದ ಗೀರು ನೋಡಿ. ಇಬ್ಬರು ಹಿಡಿದು ಎಳೆಯುವ ಕೈಗರಗಸದ ಗೀರು ನೇರವಾಗಿರುತ್ತದೆ. ಆದರೆ ಒಂದರಿಂದೊಂದಕ್ಕೆ ಅಂತರ ಹೆಚ್ಚುಕಡಿಮೆ. ದುಂಡು ಗರಗಸದ ಗೀರು ಬಿಲ್ಲಿನಂತೆ ಬಾಗಿರುತ್ತದೆ. ಅದು 19ನೆಯ ಶತಮಾನದಲ್ಲಿ ಬಳಕೆಗೆ ಬಂದ ಯಂತ್ರ. 1750ರ ಪೆಟ್ಟಿಗೆ ಎಂದು ಹೇಳಿದರೂ ತಳದಲ್ಲಿ ಬಾಗಿದ ಗೀರು ಕಂಡರೆ ಆ ತಳ ಅಷ್ಟು ಹಳೆಯದಲ್ಲ. ಹಿಂಬದಿಯಲ್ಲಿ ಪ್ಲೈವುಡ್ ಕಂಡರೆ ಅದು 20ನೆಯ ಶತಮಾನದ ಅಥವಾ ಆಮೇಲಿನ ಕೆಲಸ, ಇಲ್ಲವೇ ದುರಸ್ತಿ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಉಜ್ಜುಗೊರಡು, ಬಾಚಿ ಆಡಿದ ಹಲಗೆಯಲ್ಲಿ ಸಣ್ಣ ಸಣ್ಣ ಅಲೆ ಕಾಣುತ್ತದೆ. ಬೆರಳಿಗೂ ಗೊತ್ತಾಗುತ್ತದೆ.

ಆಮೇಲೆ ಮೊಳೆ, ಸ್ಕ್ರೂ. ಕಮ್ಮಾರ ಬಡಿದ ಹಳೆಯ ಮೊಳೆಗೆ ಚೌಕಾಕಾರದ ಮೈ. ತಲೆ ಅಂಕುಡೊಂಕು. ಇಂದಿನ ದುಂಡು ತಂತಿಮೊಳೆ ಹರಡಿದ್ದು 19ನೆಯ ಶತಮಾನದ ಕೊನೆಗೆ. ಸ್ಕ್ರೂವಿನ ತುದಿ ಚೂಪಾದದ್ದು ಅದೇ ಶತಮಾನದ ನಡುವಿನಲ್ಲಿ. ಅದಕ್ಕೂ ಹಿಂದೆ ಅದರ ತುದಿ ಮೊಂಡ. ತಲೆಯಲ್ಲಿ ಕೂಡು ಚಿಹ್ನೆಯಂಥ ಕಚ್ಚಿರುವ ಸ್ಕ್ರೂ ಬಂದದ್ದು 1930ರ ದಶಕದಲ್ಲಿ.

ಇಲ್ಲೂ ದುಡುಕಬಾರದು. ಹಳೆಯ ಕುರ್ಚಿಗೆ ಮಧ್ಯೆ ಯಾರೋ ಹೊಸ ಸ್ಕ್ರೂ ಹಾಕಿಸಿರಬಹುದು. ಹೊಸ ಕುರ್ಚಿಗೆ ಹಳೆಯ ಮೊಳೆ ಹುಡುಕಿ ಹೊಡೆದಿರಲೂಬಹುದು. ಮೊಳೆಯ ಸುತ್ತ ನೋಡಿ. ಕಬ್ಬಿಣ ಬಹುಕಾಲ ಮರದೊಳಗಿದ್ದರೆ ಮರದ ಒಗರಿನ ಜೊತೆ ಸೇರಿ ಸುತ್ತಲೂ ಕಪ್ಪು ಹರಡುತ್ತದೆ. ಆ ಕಪ್ಪು ಎಳೆಯ ಉದ್ದಕ್ಕೂ ಒಳಗೆ ಇಳಿದಿರುತ್ತದೆ. ಬಣ್ಣ ಹಚ್ಚಿದ್ದಾದರೆ ಮೇಲೆ ಮಾತ್ರ.

ಅರ್ಥವಿಲ್ಲದ ತೂತು, ಕಚ್ಚುಗಳನ್ನೂ ಗಮನಿಸಿ. ಮೇಜಿನ ಹಲಗೆಯ ಅಂಚಿನಲ್ಲಿ ಸಾಲಾಗಿ ಮೂರು ತೂತು ಮುಚ್ಚಿದ ಗುರುತಿದೆ ಎನ್ನಿ. ಒಂದು ಕಡೆ ಬಿಜಾಗರಿ ಕೂತಿದ್ದ ತಗ್ಗಿದೆ. ಹಾಗಾದರೆ ಈ ಮೇಜು ಮೊದಲು ಬಾಗಿಲಾಗಿತ್ತು. ಇಂಥ ಮೇಜು ಈಗ ಬಹಳ. ಬಾಗಿಲು ಅಸಲಿ. ಮೇಜು ಹೊಸದು.

ಈಗ ಬೆನ್ನಿನ ಮಾತು ಮುಗಿಯಿತು. ಗರಗಸ, ಮೊಳೆ, ತೂತು, ಇವು ಕೆಲಸದ ಕಾಲವನ್ನು ಹೇಳುತ್ತವೆ. ನಾಲ್ಕನೆಯದು ಕುಗ್ಗು.

ಮರ ಒಣಗಿದಂತೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಅಡ್ಡಕ್ಕೆ ಹೆಚ್ಚು. ಇದರಿಂದ ನಮಗೆ ಒಳ್ಳೆಯ ಸಾಕ್ಷಿ ಸಿಗುತ್ತದೆ. ದುಂಡು ಮೇಜನ್ನು ಮಾಡಿದ ದಿನ ಅದು ದುಂಡಗೇ ಇತ್ತು. ನೂರು ವರ್ಷದ ಬೇಸಿಗೆ, ಮಳೆಗಾಲ ದಾಟಿದ ಮೇಲೆ ಅದು ಎಳೆಗೆ ಅಡ್ಡವಾಗಿ ತುಸು ಕಿರಿದಾಗಿರುತ್ತದೆ. ಎರಡು ಅಡಿ ಮೇಜಿನಲ್ಲಿ ಕೆಲವು ಮಿಲಿಮೀಟರ್. ದಾರ ಹಿಡಿದು ಎರಡು ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಆದರೆ ಅನುಮಾನಿಸಿ.

ಕಡಚಲು ಯಂತ್ರದಲ್ಲಿ ಕಡೆದ ಕಾಲುಗಳಿಗೂ ಇದೇ ನಿಯಮ. ಹಳೆಯ ಕಾಲು ಪೂರ್ತಿ ದುಂಡಗಿರುವುದು ಅಪರೂಪ. ಜೋಡಣೆಯ ಜಾಗದಲ್ಲಿ ಹೊಡೆದ ಮರದ ಮೊಳೆ, ಬಿದಿರು ಮೊಳೆ ಸುತ್ತಲಿನ ಹಲಗೆ ಕುಗ್ಗಿದ್ದರಿಂದ ಸ್ವಲ್ಪ ಹೊರಗೆ ಚಾಚಿರುತ್ತದೆ. ಬೆರಳು ಸವರಿದರೆ ತಡೆಯುತ್ತದೆ. ಎಲ್ಲವೂ ನುಣ್ಣಗೆ ಸಮವಾಗಿದ್ದರೆ ಇತ್ತೀಚೆಗೆ ಉಜ್ಜಿದ್ದಾರೆ ಎಂದು ತಿಳಿಯಿರಿ.

ಹಳೆಯ ತೊಲೆಯಿಂದ ಹೊಸ ಮೇಜು ಮಾಡಿದರೆ ಏನಾಗುತ್ತದೆ? ಆ ಮರ ಕುಗ್ಗುವುದನ್ನು ಬಹುಮಟ್ಟಿಗೆ ಮುಗಿಸಿದೆ. ಅದರಿಂದ ಮಾಡಿದ ಮೇಜು ದುಂಡಗೇ ಉಳಿಯುತ್ತದೆ. ಮರ ಹಳೆಯದಾದಷ್ಟೂ ಈ ಸಾಕ್ಷಿ ಗಟ್ಟಿ.

ಉಬ್ಬು, ಉಳಿ, ಬೆನ್ನು, ಕುಗ್ಗು. ನಾಲ್ಕಾಯಿತು. ಕೊನೆಯದು ಸವೆತ.

ಮನುಷ್ಯ ತಾಗಿದ ಕಡೆ ಮರ ಸವೆಯುತ್ತದೆ. ಕುರ್ಚಿಯ ಕೈಯ ತುದಿ, ಕಾಲಿಟ್ಟುಕೊಳ್ಳುವ ಅಡ್ಡಪಟ್ಟಿ, ಡ್ರಾಯರಿನ ತಳ, ಪೆಟ್ಟಿಗೆಯ ಮುಚ್ಚಳ ಎತ್ತುವ ಜಾಗ. ಕೈ ಹೋಗದ ಕಡೆ ಕೆತ್ತನೆ ಹರಿತವಾಗಿಯೇ ಇರಬೇಕು. ನಕಲಿ ಮಾಡುವವನು ಮರಳುಕಾಗದ ಹಿಡಿದು ಎಲ್ಲ ಕಡೆ ಒಂದೇ ಸಮ ಉಜ್ಜುತ್ತಾನೆ. ಸಿಂಹದ ಮೂಗೂ ಸವೆದಿರುತ್ತದೆ, ಕುತ್ತಿಗೆಯ ಹಿಂದಿನ ಸಂದಿಯೂ ಸವೆದಿರುತ್ತದೆ. ಆ ಸಂದಿಗೆ ನೂರು ವರ್ಷ ಯಾರು ಕೈ ಹಾಕಿದರು? ಕುರ್ಚಿಯಲ್ಲಿ ಕೂತು ನೋಡಿ. ನಿಮ್ಮ ಕೈ, ಹಿಮ್ಮಡಿ ಎಲ್ಲಿ ಹೋಗುತ್ತದೋ ಅಲ್ಲಿ ಸವೆತ ಇರಬೇಕು.

ಬಣ್ಣವೂ ಹಾಗೆಯೇ. ಹಿಂದಿನವರು ಡ್ರಾಯರಿನ ಒಳಗೆ, ಮೇಜಿನ ಅಡಿಯಲ್ಲಿ ಸಾಮಾನ್ಯವಾಗಿ ಪಾಲಿಶ್ ಹಾಕುತ್ತಿರಲಿಲ್ಲ. ಆ ಮರ ಗಾಳಿಗೆ ತಾನಾಗಿ ಕಂದುತ್ತದೆ. ಒಣಗಿ, ಮಂಕಾಗಿರುತ್ತದೆ. ಕಾಣದ ಕಡೆಯಲ್ಲೂ ಕಡುಬಣ್ಣ ಬಳಿದಿದ್ದರೆ ಏನೋ ಮುಚ್ಚಿದ್ದಾರೆ. ಡ್ರಾಯರು ತೆಗೆದ ಕೂಡಲೇ ಮೂಗು ಒಳಗಿಡಿ. ಬಣ್ಣದ, ಅಂಟಿನ ಘಾಟು ಹೊಡೆದರೆ ಕೆಲಸ ಹೊಸದು.

ಹುಳುವಿನ ತೂತು ತೋರಿಸಿ ಹಳೆಯದೆಂದು ಹೇಳುವುದೂ ಉಂಟು. ಇಲ್ಲಿ ಗುಂಡುಸೂಜಿ ತೆಗೆಯಿರಿ. ಕುಟ್ಟೆ ಹುಳು ಮರದೊಳಗೆ ಡೊಂಕು ದಾರಿ ಮಾಡುತ್ತದೆ. ಹೊರಬರುವಾಗ ಸಣ್ಣ ದುಂಡು ತೂತು ಕೊರೆಯುತ್ತದೆ. ಸೂಜಿ ಸ್ವಲ್ಪ ಹೋಗಿ ತಡೆಯಬೇಕು. ನೇರವಾಗಿ ಆಳಕ್ಕೆ ಇಳಿದರೆ ಅದು ಡ್ರಿಲ್ ಹೊಡೆದ ತೂತಿರಬಹುದು. ತೇಗ, ಬೀಟೆಯ ಕೆಚ್ಚಿಗೆ ಹುಳು ಸುಲಭಕ್ಕೆ ಬೀಳುವುದಿಲ್ಲ ಎಂಬುದೂ ನೆನಪಿರಲಿ. ಬೀಳುವುದು ಹೊರಗಿನ ಬಿಳಿ ಮರಕ್ಕೆ. ತೇಗದ ಕೆಚ್ಚಿನ ತುಂಬ ತೂತು ಕಂಡರೆ ಸಂಶಯಪಡಿ.

ಇನ್ನೊಂದು ಸೂಕ್ಷ್ಮ ಇದೆ. ಕೆತ್ತನೆಯ ಮೇಲ್ಮೈಯಲ್ಲಿ ದುಂಡು ತೂತಿನ ಬದಲು ಉದ್ದನೆಯ ಹುಳುದಾರಿಯೇ ತೆರೆದು ಕಂಡರೆ ಏನರ್ಥ? ಹುಳು ತನ್ನ ದಾರಿಯನ್ನು ಹೊರಗೆ ತೋಡುವುದಿಲ್ಲ. ಹುಳು ತಿಂದ ಮೇಲೆ ಯಾರೋ ಆ ಮರವನ್ನು ಸೀಳಿದ್ದಾರೆ, ಇಲ್ಲವೇ ಕೆತ್ತಿದ್ದಾರೆ. ಹಳೆಯದು ಎನ್ನಲು ಅಂಗಡಿಯವನು ತೋರಿಸಿದ ಹುಳುವೇ ಉಳಿ ಹೊಸದು ಎಂದು ಸಾಕ್ಷಿ ನುಡಿಯುತ್ತದೆ.

ಐದೂ ಪರೀಕ್ಷೆ ಮುಗಿದವು. ಯಾವುದೋ ಒಂದರ ಮೇಲೆ ತೀರ್ಪು ಕೊಡಬೇಡಿ. ದುರಸ್ತಿಯಾದ ಅಸಲಿ ಒಂದೆರಡರಲ್ಲಿ ಸೋಲಬಹುದು. ಚೆನ್ನಾಗಿ ಮಾಡಿದ ನಕಲಿ ಒಂದೆರಡರಲ್ಲಿ ಗೆಲ್ಲಬಹುದು. ಐದನ್ನೂ ಸೇರಿಸಿ ನೋಡಿ. ಹೆಚ್ಚಿನವು ಒಂದೇ ಕಥೆ ಹೇಳಬೇಕು.

ಈಗ ಕಾನೂನಿನ ಮಾತು, ಚುಟುಕಾಗಿ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ನಮ್ಮ ದೇಶದಲ್ಲಿ ಪ್ರಾಚ್ಯವಸ್ತು. 1972ರ ಕಾಯ್ದೆ ಅದಕ್ಕಿದೆ. ಅಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗನ ಮನೆಗೆ ಅಜ್ಜಿಯ ಪೆಟ್ಟಿಗೆ ಕಳಿಸುವ ಮುನ್ನ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಅದು ಪ್ರಾಚ್ಯವಸ್ತು ಅಲ್ಲವಾದರೆ ಹಾಗೆಂದು ಪ್ರಮಾಣಪತ್ರ ಕೊಡುತ್ತಾರೆ.

ಇನ್ನೊಂದು ಎಚ್ಚರಿಕೆ ದಂತದ ಬಗ್ಗೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಹಿಂದೆ ಆನೆದಂತ ಕೂರಿಸುತ್ತಿದ್ದರು. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಅಂಥ ಬಾಗಿಲಿದೆ. ಈಗ ದಂತದ ವ್ಯಾಪಾರ ಅಪರಾಧ. ಇಂದಿನ ಕುಶಲಕರ್ಮಿಗಳು ಬಣ್ಣಬಣ್ಣದ ಮರದ ಚೂರು, ಪ್ಲಾಸ್ಟಿಕ್ ಬಳಸುತ್ತಾರೆ. ಹಳೆಯ ದಂತದ ಕೆಲಸ ಎಂದು ಯಾರಾದರೂ ಮಾರಲು ಬಂದರೆ ಅಸಲಿಯಾದರೂ ಬೇಡ, ನಕಲಿಯಾದರೂ ಬೇಡ.

ಕೊಳ್ಳುವ ಮೊದಲು ಅಸಲಿಯನ್ನು ಕಣ್ತುಂಬ ನೋಡಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದು. ಅಲ್ಲಿಯ ಮರದ ಕಂಬಗಳನ್ನು ನೋಡಿ. ಮೈಸೂರಿನ ಜಗನ್ಮೋಹನ ಅರಮನೆಗೂ ಹೋಗಿ ಬನ್ನಿ. ಅಸಲಿ ನೋಡಿ ಪಳಗಿದ ಕಣ್ಣಿಗೆ ಅಂಗಡಿಯಲ್ಲಿ ನಕಲಿ ತಾನಾಗಿ ಕಾಣುತ್ತದೆ.

ಕೊಳ್ಳುವಾಗ ಬಿಲ್ ಕೇಳಿ. ಅದರಲ್ಲಿ ಎರಡು ಸಾಲು ಬರೆಸಿ. ಮರ ಯಾವುದು, ಎಷ್ಟು ಹಳೆಯದು. ಸಾಮಾನು ಮಾಡಿದ್ದು ಸುಮಾರು ಯಾವ ಕಾಲದಲ್ಲಿ. ಮೊದಲ ಸಾಲು ಬರೆದು ಎರಡನೆಯದಕ್ಕೆ ಅಂಗಡಿಯವನು ಹಿಂದೆಮುಂದೆ ನೋಡಿದರೆ ಹೊಸ ಕುರ್ಚಿಯ ಬೆಲೆ ಮಾತ್ರ ಕೊಡಿ. ಅಷ್ಟಕ್ಕೆ ಅವನು ಒಪ್ಪದಿದ್ದರೆ ಕೊಳ್ಳಬೇಡಿ.